ಜಪಾನಿನ ಮಳೆಗಾಲದಲ್ಲಿ ಸೈಕಲ್: ಕೊಡೆ ಬ್ಯಾಗಿನಲ್ಲಿರಲಿ, ಎರಡೂ ಕೈ ಹ್ಯಾಂಡಲ್ ಮೇಲಿರಲಿ

ಜೂನ್ ಮೊದಲ ವಾರ ದಾಟುತ್ತಿದ್ದ ಹಾಗೆ ಟೋಕಿಯೋ, ಒಸಾಕಾ ಕಡೆ ಮಳೆ ಹಿಡಿದುಕೊಳ್ಳುತ್ತದೆ. ಇದಕ್ಕೆ ಇಲ್ಲಿ ತ್ಸುಯು ಅನ್ನುತ್ತಾರೆ. ಜಪಾನಿನ ಹವಾಮಾನ ಇಲಾಖೆಯ ಸರಾಸರಿ ಲೆಕ್ಕದಲ್ಲಿ ಟೋಕಿಯೋ ಸುತ್ತಮುತ್ತ ಜೂನ್ 7ರ ಹೊತ್ತಿಗೆ ಶುರು, ಜುಲೈ 19ರ ಹೊತ್ತಿಗೆ ಮುಕ್ತಾಯ. ಒಕಿನಾವಾಕ್ಕೆ ಮೇ 10ಕ್ಕೇ ಬಂದು ಜೂನ್ 21ಕ್ಕೆ ಹೊರಡುತ್ತದೆ. ಹೊಕ್ಕೈಡೋದಲ್ಲಿ ಇರುವವರಿಗೆ ಈ ತಾಪತ್ರಯ ಇಲ್ಲ. ಅಲ್ಲಿಗೆ ಇಲಾಖೆ ತ್ಸುಯು ಘೋಷಿಸುವುದೇ ಇಲ್ಲ.

ಟೋಕಿಯೋದಲ್ಲಿ ಇಡೀ ಜೂನ್ ತಿಂಗಳಿಗೆ ಸರಾಸರಿ 168 ಮಿಲಿಮೀಟರ್ ಮಳೆ. ಆಗುಂಬೆ ಕಡೆಯವರು ಇದನ್ನು ಕೇಳಿದರೆ ನಕ್ಕುಬಿಡುತ್ತಾರೆ. ಆದರೆ ಇಲ್ಲಿ ಕಷ್ಟ ಕೊಡುವುದು ಮಳೆಯ ಪ್ರಮಾಣ ಅಲ್ಲ. ಬಿಟ್ಟೂ ಬಿಡದೆ ಸೋನೆ, ಜೊತೆಗೆ ಸೆಕೆ. ಕಪ್ಪಾ, ಅಂದರೆ ಮಳೆಕೋಟು, ಹಾಕಿದರೆ ಒಳಗೆ ಬೆವರು, ಹಾಕದಿದ್ದರೆ ಹೊರಗೆ ನೆಂದು ತೊಪ್ಪೆ. ಹಾಗಂತ ಸೈಕಲ್ ಬಿಟ್ಟಿರುವುದೂ ಕಷ್ಟ. ಸ್ಟೇಷನ್‌ಗೆ ಹೋಗಬೇಕು, ಮಗುವನ್ನು ಶಿಶುವಿಹಾರಕ್ಕೆ ಬಿಡಬೇಕು, ಸೂಪರ್ ಮಾರ್ಕೆಟ್‌ನಿಂದ ಅಕ್ಕಿ ಮೂಟೆ ತರಬೇಕು. ಟೋಕಿಯೋದ ನಿಶಿ-ಕಸಾಯಿ ಕಡೆ ಮನೆ ಮಾಡಿಕೊಂಡಿರುವ ನಮ್ಮವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಈ ಬೇಸಿಗೆಯಲ್ಲಿ ಹೊಸದಾಗಿ ಬಂದಿಳಿದವರಿಗೆ ಹೇಳಬೇಕು.

1. ಮೊದಲು ಕೊಡೆಯ ವಿಚಾರ ಮುಗಿಸೋಣ

ಒಂದು ಕೈಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಕೊಡೆ, ಇನ್ನೊಂದು ಕೈಯಲ್ಲಿ ಹ್ಯಾಂಡಲ್. ಇಲ್ಲಿ ಹೀಗೆ ಹೋಗುವವರು ಕಣ್ಣಿಗೆ ಬೀಳುತ್ತಲೇ ಇರುತ್ತಾರೆ. ಅದನ್ನು ನೋಡಿ ಪರವಾಗಿಲ್ಲ ಅಂದುಕೊಳ್ಳಬೇಡಿ. ಅದು ಕಾನೂನಿಗೆ ವಿರುದ್ಧ. 2026ರ ಏಪ್ರಿಲ್ 1ರಿಂದ 16 ವರ್ಷ ತುಂಬಿದ ಸೈಕಲ್ ಸವಾರರಿಗೂ ಆವೋಕಿಪ್ಪು, ಅಂದರೆ ದಂಡದ ನೀಲಿ ಚೀಟಿ, ಕೊಡುವ ಪದ್ಧತಿ ಜಾರಿಯಾಗಿದೆ. ಕೊಡೆ ಹಿಡಿದು ಓಡಿಸಿದರೆ 5,000 ಯೆನ್. ಸುತ್ತಲಿನ ಸದ್ದು ಕೇಳಿಸದ ಹಾಗೆ ಇಯರ್‌ಫೋನ್ ಹಾಕಿಕೊಂಡರೂ ಅಷ್ಟೇ. ಲೈಟ್ ಇಲ್ಲದೆ ಕತ್ತಲಲ್ಲಿ ಹೋದರೆ 5,000. ಕೆಂಪು ದೀಪ ದಾಟಿದರೆ 6,000, ರಸ್ತೆಯ ಬಲಬದಿಯಲ್ಲಿ ಎದುರಾಗಿ ಬಂದರೂ 6,000. ಓಡಿಸುತ್ತಾ ಫೋನ್ ನೋಡಿದರೆ 12,000. ಮಳೆಯಲ್ಲಿ ದಾರಿ ನೋಡಬೇಕು ಅಂತ ಫೋನ್ ಕೈಗೆ ತೆಗೆದುಕೊಳ್ಳುವವರು ಈ ಕೊನೆಯ ಅಂಕಿಯನ್ನು ಇನ್ನೊಮ್ಮೆ ಓದಿ.

ಹ್ಯಾಂಡಲ್‌ಗೆ ಕೊಡೆ ಸಿಕ್ಕಿಸುವ ಸ್ಟ್ಯಾಂಡ್ ಕೂಡ ಮಾರುತ್ತಾರೆ. ಒಸಾಕಾ ಕಡೆ ಅದರ ಬಳಕೆ ಜಾಸ್ತಿ. ಅದರ ಬಗ್ಗೆ ಪ್ರಾಂತ್ಯಕ್ಕೊಂದು ನಿಯಮ ಇದೆ. ನಿಯಮ ಏನೇ ಇರಲಿ, ನನ್ನ ಸಲಹೆ ಬೇಡ ಅಂತಲೇ. ಎರಡು ಕಟ್ಟಡಗಳ ಸಂದಿಯಿಂದ ಒಂದು ಗಾಳಿ ನುಗ್ಗಿದರೆ ಸಾಕು, ಕೊಡೆ ಸೈಕಲ್ಲನ್ನೇ ಪಕ್ಕಕ್ಕೆ ಎಳೆಯುತ್ತದೆ. ಪಕ್ಕದಲ್ಲಿ ಲಾರಿ ಇರುತ್ತದೆ.

ಕೊಡೆ ಬೇಡವೇ ಬೇಡ ಅಂತಲ್ಲ. ಮಡಚುವ ಕೊಡೆ ಬ್ಯಾಗಿನಲ್ಲಿ ಇರಲಿ. ಸೈಕಲ್ ನಿಲ್ಲಿಸಿ ನಡೆಯುವಾಗ ಬೇಕಾಗುತ್ತದೆ. ಮಳೆ ಜೋರಾದರೆ ಇಳಿದು, ಕೊಡೆ ಬಿಚ್ಚಿ, ಸೈಕಲ್ ತಳ್ಳಿಕೊಂಡು ಹೋಗಿ. ಇಳಿದು ತಳ್ಳುವವರು ಇಲ್ಲಿನ ಕಾನೂನಿನ ಪ್ರಕಾರ ಪಾದಚಾರಿಗಳು.

2. ಹೊರಡುವ ಮುಂಚೆ ಆಕಾಶ ಅಲ್ಲ, ರಾಡಾರ್ ನೋಡಿ

ತ್ಸುಯುವಿನ ಆಕಾಶ ದಿನವಿಡೀ ಒಂದೇ ಬಣ್ಣ. ನೋಡಿ ಏನೂ ಗೊತ್ತಾಗಲ್ಲ. ಹವಾಮಾನ ಇಲಾಖೆಯ ಮಳೆಮೋಡದ ನಕ್ಷೆ ಮುಂದಿನ ಒಂದು ಗಂಟೆಯನ್ನು ಐದೈದು ನಿಮಿಷದ ಲೆಕ್ಕದಲ್ಲಿ ತೋರಿಸುತ್ತದೆ. ಟೋಕಿಯೋದವರಿಗೆ ನಗರದ ಒಳಚರಂಡಿ ವಿಭಾಗವೇ ನಡೆಸುವ ‘ಟೋಕಿಯೋ ಆಮೆಶ್’ ಇದೆ. ಹದಿನೈದು ನಿಮಿಷ ಕಾದರೆ ಒಂದು ಮೋಡದ ಪಟ್ಟಿ ದಾಟಿಹೋಗುವುದು ಈ ನಕ್ಷೆಗಳಲ್ಲಿ ಚೆನ್ನಾಗಿ ಕಾಣುತ್ತದೆ. ಅಷ್ಟು ಹೊತ್ತು ಕಾಯಲು ಮನೆಗಿಂತ ಒಳ್ಳೆಯ ಜಾಗ ಇಲ್ಲ.

ಇಲಾಖೆಯ ಅಳತೆಗಳು ಹೀಗಿವೆ. ಗಂಟೆಗೆ 10ರಿಂದ 20 ಮಿ.ಮೀ. ಬಿದ್ದರೆ ನೆಲದಿಂದ ಸಿಡಿಯುವ ನೀರಿಗೆ ಕಾಲು ನೆನೆಯುತ್ತದೆ. 20 ದಾಟಿದರೆ ಕೊಡೆ ಇದ್ದೂ ನೆನೆಯುತ್ತೀರಿ. 30 ದಾಟಿದರೆ ರಸ್ತೆಯೇ ಹೊಳೆ. ನಾನು 20ಕ್ಕೆ ಗೆರೆ ಎಳೆಯುತ್ತೇನೆ. ಗಾಳಿ ಸೆಕೆಂಡಿಗೆ 10 ಮೀಟರ್ ದಾಟುವ ದಿನವೂ ಸೈಕಲ್ ಬೇಡ. ಆ ಗಾಳಿಗೆ ನಡೆಯುವವರೇ ಕೊಡೆ ಹಿಡಿಯಲಾರರು.

ಇನ್ನೊಂದು ಮಾತು. ತ್ಸುಯು ಹೋಗುವಾಗ ಸುಮ್ನೆ ಹೋಗುವುದಿಲ್ಲ. ಜುಲೈ ಮೊದಲ ಎರಡು ವಾರದಲ್ಲಿ ಒಮ್ಮೊಮ್ಮೆ ಒಂದೇ ಕಡೆ ನಿಂತು ಗಂಟೆಗಟ್ಟಲೆ ಸುರಿಯುತ್ತದೆ. 2018ರ ಜುಲೈನಲ್ಲಿ ಪಶ್ಚಿಮ ಜಪಾನ್, 2020ರ ಜುಲೈನಲ್ಲಿ ಕುಮಾಮೊತೊದ ಕುಮಾ ನದಿ ಬಯಲು ಮುಳುಗಿದ್ದು ಇಂಥ ಮಳೆಗೇ. ನಿಶಿ-ಕಸಾಯಿ ಇರುವ ಎದೊಗಾವಾ ವಾರ್ಡಿನಲ್ಲಿ ಸುಮಾರು ನೂರಕ್ಕೆ 70 ಭಾಗ ನೆಲ ಸಮುದ್ರದ ಉಬ್ಬರದ ಮಟ್ಟಕ್ಕಿಂತ ತಗ್ಗಿನಲ್ಲಿದೆ. ನಮ್ಮವರು ಜಾಸ್ತಿ ಇರುವುದೂ ಅಲ್ಲೇ. ಭಾರೀ ಮಳೆಯ ಎಚ್ಚರಿಕೆ ಬಂದ ದಿನ ಸೈಕಲ್ ಬಿಡಿ, ಹೊರಗೆ ಹೋಗುವುದನ್ನೇ ಬಿಡಿ.

3. ಕಪ್ಪಾ ಆರಿಸುವುದು

ಮಳೆಕೋಟಿಗೆ ಇಲ್ಲಿ ಕಪ್ಪಾ ಅನ್ನುತ್ತಾರೆ. ನೂರು ಯೆನ್ ಅಂಗಡಿಯದ್ದು ಬ್ಯಾಗಿನ ತಳದಲ್ಲಿ ತುರ್ತಿಗೆ ಇರಲಿ. ದಿನಾ ಹಾಕಲು ಅದು ಸಾಲದು. ಮೂರು ಬಗೆ ಸಿಗುತ್ತವೆ.

ಮೊದಲನೆಯದು ಪೊಂಚೊ. ಬಟ್ಟೆ ಮೇಲೆ ಹಾಗೇ ಎಳೆದುಕೊಂಡರಾಯಿತು. ಗಾಳಿ ಆಡುತ್ತದೆ, ಬೆವರು ಕಡಿಮೆ. ಮುಂದಿನ ಬುಟ್ಟಿಯ ಮೇಲೂ ಹರಡಿಕೊಳ್ಳುತ್ತದೆ, ಹಾಗಾಗಿ ತೊಡೆ ನೆನೆಯುವುದಿಲ್ಲ. ಆದರೆ ಗಾಳಿಗೆ ಹಾರುತ್ತದೆ, ಅಂಚು ಚಕ್ರಕ್ಕೆ ಸಿಕ್ಕಬಹುದು, ಮೊಣಕಾಲಿನ ಕೆಳಗೆ ಪೂರ್ತಿ ಒದ್ದೆ. ಸ್ಟೇಷನ್‌ವರೆಗೆ ಐದು ಹತ್ತು ನಿಮಿಷದ ದಾರಿಗೆ ಸಾಕು. ಸೈಕಲ್‌ಗೆಂದೇ ಮಾಡಿದ್ದನ್ನು ಕೊಳ್ಳಿ. ಅದರ ಅಂಚನ್ನು ಬುಟ್ಟಿಗೋ ಹ್ಯಾಂಡಲ್‌ಗೋ ಸಿಕ್ಕಿಸಲು ಕ್ಲಿಪ್ ಇರುತ್ತದೆ.

ಎರಡನೆಯದು ಮೇಲಂಗಿ ಮತ್ತು ಪ್ಯಾಂಟಿನ ಜೋಡಿ. ದೂರದವರಿಗೆ ಇದೇ ಸರಿ. ಕೂಲಿ ಕೆಲಸದವರ ಬಟ್ಟೆಗೆ ಹೆಸರಾದ ವರ್ಕ್‌ಮನ್ ಅಂಗಡಿಯಲ್ಲಿ ಗಟ್ಟಿಯಾದದ್ದು ಕಡಿಮೆ ಬೆಲೆಗೆ ಸಿಗುತ್ತದೆ. ಚೀಟಿಯಲ್ಲಿ ಎರಡು ಅಂಕಿ ನೋಡಿ. ಒಂದು, ನೀರಿನ ಒತ್ತಡ ಎಷ್ಟು ತಡೆಯುತ್ತದೆ ಅನ್ನುವುದು. ಅದು 10,000 ಮಿ.ಮೀ. ಇರಲಿ. ಮಳೆ ಹನಿಗೆ ಅಷ್ಟು ಬೇಕಿಲ್ಲ, ಆದರೆ ನೀವು ಒದ್ದೆ ಸೀಟಿನ ಮೇಲೆ ಭಾರ ಹಾಕಿ ಕೂರುತ್ತೀರಲ್ಲ, ನೀರು ಒಳಗೆ ಹಿಂಡುವುದು ಅಲ್ಲಿಂದ. ಇನ್ನೊಂದು ಅಂಕಿ, ಒಳಗಿನ ಆವಿ ಎಷ್ಟು ಹೊರಗೆ ಹೋಗುತ್ತದೆ ಅನ್ನುವುದು. ಅದು ಜಾಸ್ತಿ ಇದ್ದಷ್ಟೂ ಆಫೀಸಿಗೆ ಮುಟ್ಟುವಾಗ ನೀವು ಮನುಷ್ಯರ ಹಾಗೆ ಇರುತ್ತೀರಿ. ಕಂಕುಳ ಕೆಳಗೆ ಜಿಪ್, ಬೆನ್ನ ಮೇಲೆ ಜಾಲರಿ ಇದ್ದರೆ ಇನ್ನೂ ಒಳ್ಳೆಯದು.

ಮೂರನೆಯದು ಮೊಣಕಾಲು ದಾಟುವ ಉದ್ದ ಕೋಟು. ಸೀರೆ, ಚೂಡಿದಾರ್, ಸ್ಕರ್ಟ್ ಉಡುವವರಿಗೆ ಅನುಕೂಲ. ದುಪಟ್ಟಾ ಮಾತ್ರ ಬಿಗಿಯಾಗಿ ಒಳಗೆ ಸೇರಿಸಿ.

ಬಣ್ಣ ಹಳದಿ, ಕಿತ್ತಳೆ, ತಿಳಿ ಹಸಿರು ಇರಲಿ. ಮಳೆ ದಿನ ಕಾರಿನವರ ಗಾಜೇ ಮಂಜು ಮಂಜು. ಬೂದು ಕೋಟು ಹಾಕಿದರೆ ನೀವು ರಸ್ತೆಯಲ್ಲಿ ಕರಗಿಹೋಗುತ್ತೀರಿ. ಅಂಗಡಿಗಳಲ್ಲಿ ನೀಲಿ, ಕಪ್ಪು, ಬೂದು ಬಣ್ಣದವೇ ಹೆಚ್ಚು, ಹುಡುಕಬೇಕಾಗುತ್ತದೆ.

ಟೋಪಿಯ ವಿಚಾರದಲ್ಲಿ ಜನ ಎಡವುತ್ತಾರೆ. ಕಪ್ಪಾದ ಟೋಪಿ ನೀವು ತಲೆ ತಿರುಗಿಸಿದರೂ ತಾನು ತಿರುಗುವುದಿಲ್ಲ. ಹಿಂದೆ ನೋಡಲು ಹೋದರೆ ಕಾಣುವುದು ಟೋಪಿಯ ಒಳಗಿನ ಬಟ್ಟೆ. ಪಕ್ಕದಲ್ಲಿ ಪಾರದರ್ಶಕ ಕಿಟಕಿ ಇರುವುದನ್ನು ಆರಿಸಿ. ಅಥವಾ ಟೋಪಿಯನ್ನು ಹಿಂದೆ ಬಿಟ್ಟು ಹೆಲ್ಮೆಟ್ ಹಾಕಿ. ಹೇಗೂ 2023ರ ಏಪ್ರಿಲ್‌ನಿಂದ ಎಲ್ಲ ವಯಸ್ಸಿನ ಸವಾರರೂ ಹೆಲ್ಮೆಟ್ ಹಾಕಲು ಪ್ರಯತ್ನಿಸಬೇಕು ಅನ್ನುವ ನಿಯಮ ಇದೆ. ಹಾಕದಿದ್ದರೆ ದಂಡ ಇಲ್ಲ, ಆದರೆ ಜಾರುವ ಕಾಲ ಇದೇ ಅಲ್ವಾ? ಹೆಲ್ಮೆಟ್ ಒಳಗೆ ಮುಂದೆ ಚಾಚಿದ ಅಂಚು ಇರುವ ತೆಳು ಕ್ಯಾಪ್ ಹಾಕಿಕೊಂಡರೆ ಕನ್ನಡಕದ ಮೇಲೆ ಹನಿ ಬೀಳುವುದು ಬಹಳ ಕಡಿಮೆಯಾಗುತ್ತದೆ. ಕನ್ನಡಕದವರಿಗೆ ಇದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ.

ಕಾಲಿಗೆ ಉದ್ದದ ರಬ್ಬರ್ ಬೂಟು, ಇಲ್ಲವೇ ಶೂ ಮೇಲೆ ಹಾಕುವ ಕವರ್. ತಳ ನುಣುಪಾದ ಚಪ್ಪಲಿ ಬೇಡ. ಒದ್ದೆ ಪೆಡಲ್ ಮೇಲಿಂದ ಕಾಲು ಜಾರಿದರೆ ಮೊಣಕಾಲಿನ ಕೆಳಗೆ ಪೆಡಲ್ ಹೊಡೆಯುತ್ತದೆ. ಒಂದು ಜೊತೆ ಒಣ ಕಾಲುಚೀಲ ಬ್ಯಾಗಿನಲ್ಲಿ ಸದಾ ಇರಲಿ.

4. ಸೈಕಲ್ ಸಿದ್ಧ ಮಾಡುವುದು

ಹೆಚ್ಚಿನವರ ಹತ್ತಿರ ಇರುವುದು ಮಾಮಾಚಾರಿ. ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್, ಮಡ್‌ಗಾರ್ಡ್, ಚೈನ್ ಕವರ್ ಎಲ್ಲ ಇರುವ ಸಂಸಾರದ ಸೈಕಲ್. ಮಳೆಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಮಡ್‌ಗಾರ್ಡ್ ಇಲ್ಲದ ಚೆಂದದ ಸೈಕಲ್ ತೆಗೆದುಕೊಂಡವರ ಬೆನ್ನ ಮೇಲೆ ಕೆಸರಿನ ಗೆರೆ ಬೀಳುತ್ತದೆ.

ಬ್ರೇಕ್ ನೋಡಿ. ಮಾಮಾಚಾರಿಯಲ್ಲಿ ಬಲಗೈಯದ್ದು ಮುಂದಿನ ಚಕ್ರಕ್ಕೆ, ಎಡಗೈಯದ್ದು ಹಿಂದಿನದಕ್ಕೆ. ಮುಂದಿನದು ರಬ್ಬರ್ ತುಂಡು ರಿಮ್ಮನ್ನು ಹಿಡಿಯುವ ಬಗೆ. ರಿಮ್ ಒದ್ದೆಯಾದರೆ ಮೊದಲ ಕ್ಷಣ ಅದು ಹಿಡಿಯುವುದೇ ಇಲ್ಲ. ರಬ್ಬರಿನ ಗೆರೆ ಸವೆದಿದ್ದರೆ ತ್ಸುಯುಗೆ ಮುಂಚೆ ಬದಲಾಯಿಸಿ. ಹಿಂದಿನ ಬ್ರೇಕ್ ಚಕ್ರದ ನಡುವಿನ ಹಬ್ಬಿನ ಒಳಗೆ ಮುಚ್ಚಿರುವ ರೋಲರ್ ಬಗೆಯದ್ದಾದರೆ ಮಳೆಗೆ ಅಷ್ಟು ಹೆದರುವುದಿಲ್ಲ.

ಟೈರಿನ ಗೆರೆಗಳು ಮಾಸಿದ್ದರೆ ಅದನ್ನೂ ಬದಲಾಯಿಸಿ. ಮಳೆಯಲ್ಲಿ ಗಾಜಿನ ಚೂರು ಒದ್ದೆ ಟೈರಿಗೆ ಅಂಟಿಕೊಂಡು ಸಲೀಸಾಗಿ ಒಳಗಿಳಿಯುತ್ತದೆ. ಗಾಳಿ ಕಡಿಮೆ ಇದ್ದರಂತೂ ಪಂಕ್ಚರ್ ಗ್ಯಾರಂಟಿ. ಮಾಮಾಚಾರಿಯ ವಾಲ್ವ್ ನಮ್ಮೂರಿನ ಅಟ್ಲಾಸ್, ಹೀರೋ ಸೈಕಲ್‌ಗಳಲ್ಲಿದ್ದ ಅದೇ ಬಗೆ, ಒಳಗೆ ಸಣ್ಣ ರಬ್ಬರ್ ಟ್ಯೂಬ್. ಇಲ್ಲಿ ಅದಕ್ಕೆ ಮುಶಿಗೋಮು ಅನ್ನುತ್ತಾರೆ. ಗಾಳಿ ಪದೇ ಪದೇ ಇಳಿಯುತ್ತಿದ್ದರೆ ಪಂಕ್ಚರ್ ಅಂತ ಅಂಗಡಿಗೆ ಓಡುವ ಮುಂಚೆ ಇದನ್ನು ನೋಡಿ. ನೂರು ಯೆನ್ ಅಂಗಡಿಯಲ್ಲಿ ಸಿಗುತ್ತದೆ. ಸೈಕಲ್ ಅಂಗಡಿಗಳು ಬಾಗಿಲ ಬಳಿ ಪಂಪ್ ಇಟ್ಟಿರುವುದುಂಟು. ತಿಂಗಳಿಗೊಮ್ಮೆ ಗಾಳಿ ಹೊಡೆಯಿರಿ.

ಬುಟ್ಟಿಗೆ ನೀರು ಇಳಿಯದ ಕವರ್ ಹಾಕಿ. ಅದನ್ನು ನಂಬಿ ಲ್ಯಾಪ್‌ಟಾಪ್ ಇಡಬೇಡಿ. ಬ್ಯಾಗನ್ನು 45 ಲೀಟರಿನ ಕಸದ ಚೀಲದ ಒಳಗೆ ಹಾಕಿ, ಬಾಯಿ ಸುತ್ತಿ, ಕೆಳಮುಖವಾಗಿ ಇಡಿ. ಇಷ್ಟು ಸಾಕು. ಎರಡು ಚೀಲ ಒಯ್ದರೆ ಇನ್ನೊಂದು ಒದ್ದೆ ಕಪ್ಪಾಗೆ ಆಗುತ್ತದೆ.

5. ರಸ್ತೆಗೆ ಇಳಿದ ಮೇಲೆ

ನಿಧಾನ ಹೋಗಿ ಅನ್ನುವುದನ್ನು ಯಾರು ಬೇಕಾದರೂ ಹೇಳುತ್ತಾರೆ. ಎಲ್ಲಿ ಜಾರುತ್ತದೆ ಅಂತ ಗೊತ್ತಿರುವುದು ಮುಖ್ಯ. ಜಪಾನಿನ ರಸ್ತೆಗಳು ಗುಂಡಿ ಇಲ್ಲದೆ ನುಣ್ಣಗಿವೆ. ಆದರೆ ಒದ್ದೆಯಾದಾಗ ಜಾರುವ ವಸ್ತುಗಳು ಹೆಜ್ಜೆಗೊಂದು ಇವೆ.

ಚರಂಡಿಯ ಕಬ್ಬಿಣದ ಮುಚ್ಚಳ. ಕೆಲಸ ನಡೆಯುವಲ್ಲಿ ಹಾಸಿರುವ ಉಕ್ಕಿನ ಹಲಗೆ. ರಸ್ತೆ ದಾಟುವ ಕಡೆಯ ಬಿಳಿ ಪಟ್ಟಿ. ಸೈಕಲ್‌ಗೆಂದು ರಸ್ತೆಯ ಎಡ ಅಂಚಿನಲ್ಲಿ ಬಳಿದಿರುವ ನೀಲಿ ಬಾಣದ ಗುರುತು. ಅಂಗಡಿ ಬೀದಿಯ ಟೈಲ್ಸ್ ನೆಲ. ದೃಷ್ಟಿ ಇಲ್ಲದವರಿಗಾಗಿ ಹಾಕಿರುವ ಹಳದಿ ಉಬ್ಬು ಕಲ್ಲುಗಳು. ಇವುಗಳ ಮೇಲೆ ಹೋಗಲೇಬಾರದು ಅಂತ ಹಾವಿನಂತೆ ಸುತ್ತಿಕೊಂಡು ಹೋದರೆ ಹಿಂದಿನ ಕಾರಿಗೆ ಸಿಗುತ್ತೀರಿ. ಹೋಗಿ, ಆದರೆ ನೇರವಾಗಿ ಹೋಗಿ. ಅವುಗಳ ಮೇಲೆ ಇರುವಷ್ಟು ಹೊತ್ತು ಬ್ರೇಕ್ ಹಿಡಿಯಬೇಡಿ, ತಿರುಗಿಸಬೇಡಿ, ಜೋರಾಗಿ ತುಳಿಯಬೇಡಿ. ತಿರುವಿಗೆ ಮುಂಚೆಯೇ ವೇಗ ಇಳಿಸಿ, ಆಮೇಲೆ ತಿರುಗಿ.

ಬಿಳಿ ಪಟ್ಟಿಯ ಮೇಲೆ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದರೆ ಚಕ್ರ ನಿಂತು ನೀವು ಮುಂದಕ್ಕೆ ಹೋಗುತ್ತೀರಿ. ಹಿಂದಿನದನ್ನು ಮೊದಲು ಮೆಲ್ಲಗೆ ಹಿಡಿದು, ಮುಂದಿನದನ್ನು ಆಮೇಲೆ ಸೇರಿಸಿ. ಸಿಗ್ನಲ್ ಇನ್ನೂ ದೂರ ಇರುವಾಗಲೇ ಎರಡು ಸಲ ಹಗುರವಾಗಿ ಒತ್ತಿಬಿಡಿ. ರಿಮ್ ಮೇಲಿನ ನೀರು ಒರೆಸಿಹೋಗುತ್ತದೆ, ಬೇಕಾದಾಗ ಬ್ರೇಕ್ ಹಿಡಿಯುತ್ತದೆ.

ಇಲ್ಲಿ ಮಳೆಯಲ್ಲಿ ಬೀಳಿಸುವ ಒಂದು ಜಾಗದ ಬಗ್ಗೆ ಯಾರೂ ಹೇಳುವುದಿಲ್ಲ. ರಸ್ತೆಯಿಂದ ಪಾದಚಾರಿ ದಾರಿಗೆ ಹತ್ತುವ ಕಡೆ ಒಂದೆರಡು ಸೆಂಟಿಮೀಟರ್ ಎತ್ತರದ ಅಂಚು ಇರುತ್ತದೆ. ಒಣಗಿದ್ದಾಗ ಗಮನಕ್ಕೇ ಬರುವುದಿಲ್ಲ. ಒದ್ದೆಯಾದಾಗ ಅದಕ್ಕೆ ಓರೆಯಾಗಿ ಹತ್ತಲು ಹೋದರೆ ಚಕ್ರ ಅಂಚಿನ ಉದ್ದಕ್ಕೂ ಜಾರಿ, ಸೈಕಲ್ ಪಕ್ಕಕ್ಕೆ ಬಿದ್ದುಬಿಡುತ್ತದೆ. ಹತ್ತುವುದಿದ್ದರೆ ಹ್ಯಾಂಡಲ್ ಪೂರ್ತಿ ತಿರುಗಿಸಿ, ಅಂಚಿಗೆ ಎದುರಾಗಿ ಹತ್ತಿ. ಟ್ರಾಮ್ ಹಳಿಗೂ ಇದೇ ಮಾತು. ಹಿರೋಶಿಮಾದಲ್ಲಿ ಇರುವವರಿಗೆ ಇದು ದಿನದ ಪಾಠ. ರೈಲ್ವೆ ಗೇಟಿನಲ್ಲಿ ಹಳಿ ಓರೆಯಾಗಿದ್ದರೆ ಇಳಿದು ದಾಟಿ, ನಾಚಿಕೆ ಬೇಡ.

ಪಾದಚಾರಿ ದಾರಿಯಲ್ಲಿ ಹೋದರೆ ಸುರಕ್ಷಿತ ಅಂತ ಅನಿಸುತ್ತದೆ. ನಿಯಮದ ಪ್ರಕಾರ ಸೈಕಲ್ ಹೋಗಬೇಕಾದದ್ದು ರಸ್ತೆಯ ಎಡ ಅಂಚಿನಲ್ಲಿ. ಪಾದಚಾರಿ ದಾರಿಗೆ ಹತ್ತಬಹುದಾದದ್ದು ಅಲ್ಲಿ ಸೈಕಲ್‌ಗೆ ಒಪ್ಪಿಗೆಯ ಫಲಕ ಇದ್ದರೆ, 13 ವರ್ಷದ ಒಳಗಿನವರು, 70 ತುಂಬಿದವರು, ಅಂಗವಿಕಲರು ಆಗಿದ್ದರೆ, ಅಥವಾ ರಸ್ತೆಯಲ್ಲಿ ಹೋಗುವುದು ನಿಜಕ್ಕೂ ಅಪಾಯವಾಗಿದ್ದರೆ ಮಾತ್ರ. ಹತ್ತಿದ ಮೇಲೂ ರಸ್ತೆಯ ಕಡೆಯ ಅಂಚಿನಲ್ಲಿ, ನಡಿಗೆಯ ವೇಗದಲ್ಲಿ ಹೋಗಬೇಕು. ಮಳೆ ದಿನ ಅಲ್ಲಿ ಎಲ್ಲರ ಮುಖವೂ ಕೊಡೆಯ ಹಿಂದೆ. ಅವರಿಗೆ ನೀವು ಕಾಣುವುದಿಲ್ಲ, ಕೊಡೆಯ ಕಡ್ಡಿ ನಿಮ್ಮ ಕಣ್ಣಿನ ಎತ್ತರಕ್ಕೇ ಇರುತ್ತದೆ.

ಹಗಲಲ್ಲೂ ಲೈಟ್ ಹಾಕಿಕೊಳ್ಳಿ. ಹಬ್ಬಿನ ಡೈನಮೊ ಇದ್ದರೆ ಕತ್ತಲಾದಾಗ ತಾನೇ ಹತ್ತುತ್ತದೆ. ಮಳೆಯ ಬೂದು ಬೆಳಕಿಗೆ ಅದು ಹತ್ತದೆಯೂ ಇರಬಹುದು. ಬ್ಯಾಟರಿಯ ಒಂದು ಸಣ್ಣ ಕೆಂಪು ದೀಪ ಹಿಂದೆ ಕಟ್ಟಿ.

ರೈಲು ಹಳಿಯ ಕೆಳಗೆ ಇಳಿದು ಹೋಗುವ ತಗ್ಗು ದಾರಿಗಳಲ್ಲಿ ನೀರು ಬೇಗ ತುಂಬುತ್ತದೆ. ನೀರಿನ ತಳ ಕಾಣದಿದ್ದರೆ ಹಿಂದೆ ತಿರುಗಿ. ಒಳಗೆ ಮುಚ್ಚಳ ತೆರೆದುಕೊಂಡ ಮ್ಯಾನ್‌ಹೋಲ್ ಇದ್ದರೂ ಗೊತ್ತಾಗುವುದಿಲ್ಲ. ಮಳೆ ಜೋರಾದಾಗ ನದಿ ಬದಿಯ ಸೈಕಲ್ ದಾರಿಯೂ ಬೇಡ.

ಮಧ್ಯದಲ್ಲಿ ಮಳೆ ಹೆಚ್ಚಾಯಿತಾ? ಮೂಲೆ ಮೂಲೆಗೂ ಕೊನ್ಬಿನಿ ಅನ್ನುವ ಸಣ್ಣ ದಿನಬಳಕೆಯ ಅಂಗಡಿ ಇದೆ. ಒಳಗೆ ಹೋಗಿ ಬಿಸಿ ಕಾಫಿ ಕುಡಿಯಿರಿ. ಟವೆಲ್, ಕಾಲುಚೀಲ, ಕಪ್ಪಾ ಎಲ್ಲವೂ ಅಲ್ಲೇ ಸಿಗುತ್ತದೆ.

6. ಮಕ್ಕಳು ಜೊತೆಗಿದ್ದರೆ

ಹಿಂದಿನ ಸೀಟಿಗೆ ಪೂರ್ತಿ ಮುಚ್ಚುವ ಪ್ಲಾಸ್ಟಿಕ್ ಕವರ್ ಸಿಗುತ್ತದೆ. ಒಳಗೆ ಮಗು ಹನಿ ತಾಗದೆ ಕೂರುತ್ತದೆ. ಆದರೆ ಸೆಕೆ. ನಿಂತಾಗಲೆಲ್ಲ ಜಿಪ್ ಇಳಿಸಿ ಗಾಳಿ ಆಡಲು ಬಿಡಿ. ಈ ಕವರ್ ಗಾಳಿಯನ್ನೂ ಹಿಡಿಯುತ್ತದೆ. ಬ್ಯಾಟರಿ ಸೈಕಲ್ ತಾನೇ ಸುಮಾರು 30 ಕಿಲೋ, ಅದರ ಮೇಲೆ ಮಗು. ಸ್ಟ್ಯಾಂಡ್ ಹಾಕಿದ್ದೇವಲ್ಲ ಅಂತ ಮಗುವನ್ನು ಕೂರಿಸಿ ಕೈ ಬಿಟ್ಟರೆ ಸೈಕಲ್ ಸಮೇತ ಉರುಳುತ್ತದೆ. ಹತ್ತಿಸುವಾಗ ಮಗು ಕೊನೆಗೆ, ಇಳಿಸುವಾಗ ಮಗು ಮೊದಲು. ನಿಮ್ಮ ಕಪ್ಪಾ, ಬ್ಯಾಗು, ಬೀಗ ಎಲ್ಲ ಮುಗಿಸಿಕೊಂಡೇ ಮಗುವನ್ನು ಎತ್ತಿ.

ಬ್ಯಾಟರಿ ಮಳೆ ಹನಿಯನ್ನು ತಡೆದುಕೊಳ್ಳುತ್ತದೆ. ನೀರಿನಲ್ಲಿ ಮುಳುಗಿದ್ದನ್ನು ಮಾತ್ರ ಚಾರ್ಜ್‌ಗೆ ಹಾಕದೆ ಅಂಗಡಿಗೆ ಒಯ್ಯಿರಿ. ಮನೆಗೆ ತಂದ ಒದ್ದೆ ಬ್ಯಾಟರಿಯ ಲೋಹದ ತುದಿಗಳನ್ನು ಒಣ ಬಟ್ಟೆಯಿಂದ ಒರೆಸಿಯೇ ಚಾರ್ಜರ್‌ಗೆ ಇಡಿ.

7. ನಿಲ್ಲಿಸುವುದು, ರೈಲು ಹತ್ತುವುದು

ಸ್ಟೇಷನ್ ಬಳಿಯ ಸೈಕಲ್ ನಿಲ್ದಾಣಕ್ಕೆ ಚೂರಿಂಜೋ ಅನ್ನುತ್ತಾರೆ. ತಿಂಗಳ ಪಾಸ್ ಮಾಡಿಸುವುದಾದರೆ ಮೇಲ್ಛಾವಣಿ ಇರುವ ಜಾಗ ಕೇಳಿ. ಎರಡು ಅಂತಸ್ತಿನ ಸ್ಟ್ಯಾಂಡಿನಲ್ಲಿ ಕೆಳಗೆ ಇಟ್ಟರೆ ಮೇಲಿನ ಸೈಕಲ್ಲಿನ ನೀರೆಲ್ಲ ನಿಮ್ಮ ಸೀಟಿಗೆ. ಹೋಟೆಲಿನಲ್ಲಿ ಕೊಡುವ ಸ್ನಾನದ ಟೋಪಿ ಸೀಟಿಗೆ ಸರಿಯಾಗಿ ಹಿಡಿಯುತ್ತದೆ. ಕಸಾಯಿ ಸ್ಟೇಷನ್ ಬಳಿ ಇರುವವರು ಅದೃಷ್ಟವಂತರು. ಅಲ್ಲಿ ನೆಲದ ಅಡಿಯಲ್ಲಿ 9,400 ಸೈಕಲ್ ಹಿಡಿಸುವ ನಿಲ್ದಾಣ ಇದೆ. ಅದರಲ್ಲಿ 6,480 ಸೈಕಲ್‌ಗಳನ್ನು ಯಂತ್ರವೇ ಒಳಗೆ ಎಳೆದುಕೊಂಡು ಇಡುತ್ತದೆ. ಬುಟ್ಟಿ ಖಾಲಿ ಮಾಡಿ ಕೊಡಿ.

ಹನಿ ತೊಟ್ಟಿಕ್ಕುವ ಕಪ್ಪಾದಲ್ಲಿ ರೈಲು ಹತ್ತುವುದು ಇಲ್ಲಿ ದೊಡ್ಡ ಅಸಭ್ಯತೆ. ಸ್ಟೇಷನ್ ಗೇಟಿಗೆ ಮುಂಚೆಯೇ ತೆಗೆದು, ಕೊಡವಿ, ಒದ್ದೆ ಬದಿ ಒಳಗೆ ಬರುವಂತೆ ಮಡಚಿ, ಆ ಇನ್ನೊಂದು ಕಸದ ಚೀಲಕ್ಕೆ ಹಾಕಿ.

8. ಮನೆಗೆ ಬಂದ ಮೇಲೆ

ಕಪ್ಪಾವನ್ನು ಚೀಲದಲ್ಲೇ ಬಿಟ್ಟರೆ ಈ ಸೆಕೆಗೆ ಬೆಳಗಾಗುವಷ್ಟರಲ್ಲಿ ಮುಗ್ಗಲು ವಾಸನೆ. ಬಚ್ಚಲುಮನೆಯಲ್ಲಿ ಒಣಗಿಸುವ ಫ್ಯಾನ್ ಇದ್ದರೆ ಅಲ್ಲಿ ನೇತುಹಾಕಿ. ಶೂ ಒಳಗೆ ಹಳೆ ಪತ್ರಿಕೆ ತುರುಕಿ, ಒದ್ದೆಯಾದ ಹಾಗೆ ಬದಲಾಯಿಸಿ.

ಸೈಕಲ್ಲನ್ನು ಹಳೆ ಬಟ್ಟೆಯಿಂದ ಒಮ್ಮೆ ಒರೆಸಿ. ಚೈನ್ ಕಾಣುವಂತಿದ್ದರೆ ಅದನ್ನೂ ಒರೆಸಿ, ವಾರಕ್ಕೊಮ್ಮೆ ಚೈನ್ ಎಣ್ಣೆ ಹಾಕಿ, ಹೆಚ್ಚಾದದ್ದನ್ನು ಒರೆಸಿಬಿಡಿ. ಎಣ್ಣೆ ರಿಮ್ಮಿಗೆ ತಾಗಬಾರದು. ಬ್ರೇಕ್ ಕೀರಲು ಸದ್ದು ಮಾಡುತ್ತದೆ ಅಂತ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವವರಿದ್ದಾರೆ. ದಯವಿಟ್ಟು ಬೇಡ. ರಬ್ಬರಿಗೆ, ಹಿಂದಿನ ಬ್ರೇಕಿನ ಬ್ಯಾಂಡಿಗೆ ಎಣ್ಣೆ ಬಿದ್ದರೆ ಬ್ರೇಕ್ ಹಿಡಿಯುವುದಿಲ್ಲ, ರೋಲರಿಗೆ ಹೊಡೆದರೆ ಒಳಗಿನ ಗ್ರೀಸ್ ತೊಳೆದುಹೋಗುತ್ತದೆ. ಅದು ಅಂಗಡಿಯವರ ಕೆಲಸ.

ಒದ್ದೆ ಸೈಕಲ್ ಮೇಲೆ ಕವರ್ ಎಳೆಯಬೇಡಿ. ಒಳಗೆ ಆವಿ ನಿಂತು ಮಳೆಗಿಂತ ಬೇಗ ತುಕ್ಕು ಹಿಡಿಸುತ್ತದೆ. ಇಲಾಖೆ ತ್ಸುಯು ಮುಗಿಯಿತು ಅಂದ ಮೇಲೆ ಒಂದು ಬಿಸಿಲಿನ ದಿನ ಬ್ರೇಕ್ ರಬ್ಬರ್ ಇನ್ನೊಮ್ಮೆ ನೋಡಿ. ಆರು ವಾರದ ಕೆಸರು ನೀರಿಗೆ ಅದು ಬೇರೆ ದಿನಗಳಿಗಿಂತ ಬೇಗ ಸವೆದಿರುತ್ತದೆ, ಮತ್ತು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಚಂಡಮಾರುತಗಳು ಬರುವುದು ಇನ್ನೂ ಬಾಕಿ ಇರುತ್ತದೆ.